ವಿದ್ಯಾಸಂಸ್ಥೆಗಳ ಗುಣವಿಚಾರ: ಹಳೆಯ ಬೆಂಗಳೂರಿನ ಅನುಭವ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಅನೇಕ ಕಾಲೇಜುಗಳ ಫಲಕಗಳಲ್ಲಿ ಇಂದು ಸಂಸ್ಥೆಯ ಹೆಸರಿನ ಕೆಳಗೆ ಒಂದು ಅಕ್ಷರ ಕಾಣಿಸುತ್ತದೆ. ಅದು ಆ ಸಂಸ್ಥೆಗೆ ದೊರೆತ ಶ್ರೇಣಿ. ಮಗನನ್ನೋ ಮಗಳನ್ನೋ ಪ್ರವೇಶಕ್ಕೆಂದು ಕರೆತರುವ ತಂದೆತಾಯಿಗಳ ಕಣ್ಣು ಆ ಅಕ್ಷರದ ಮೇಲೆ ನಿಲ್ಲುತ್ತದೆ. ಆಡಳಿತ ಮಂಡಳಿಯ ವಾರ್ಷಿಕ ವರದಿಯಲ್ಲಿಯೂ ಅದಕ್ಕೇ ಅಗ್ರಸ್ಥಾನ. 'ಗುಣಮಟ್ಟ ನಿರ್ವಹಣೆ', 'ನಿರಂತರ ಸುಧಾರಣೆ' ಎಂಬ ಪದಗಳು ಪ್ರಾಚಾರ್ಯರಿಂದ ಮೊದಲುಗೊಂಡು ಕಚೇರಿಯ ಗುಮಾಸ್ತರವರೆಗೆ ಎಲ್ಲರ ಬಾಯಲ್ಲಿಯೂ ಬಳಕೆಯಾಗುತ್ತಿವೆ. ಪದಗಳು ಹೊಸವು, ಕಾರ್ಖಾನೆಗಳ ಲೋಕದಿಂದ ವಿದ್ಯಾಲೋಕಕ್ಕೆ ಬಂದವು. ಆದರೆ ಅವು ಸೂಚಿಸುವ ಚಿಂತೆ ಹೊಸದಲ್ಲ. ತಾನು ಹಮ್ಮಿಕೊಂಡ ಕಾರ್ಯವು ಹಮ್ಮಿಕೊಂಡಂತೆ ನಡೆಯಿತೇ, ನಡೆಯದಿದ್ದರೆ ಎಲ್ಲಿ ತಪ್ಪಿತು, ಮುಂದಿನ ಸಲ ಅದನ್ನು ತಿದ್ದುವುದು ಹೇಗೆ ಎಂಬ ಮೂರು ಪ್ರಶ್ನೆಗಳನ್ನು ಬಾಳಿರುವ ಪ್ರತಿಯೊಂದು ಸಂಸ್ಥೆಯೂ ಒಂದಲ್ಲ ಒಂದು ಬಗೆಯಲ್ಲಿ ಕೇಳಿಕೊಂಡೇ ಬಾಳಿದೆ.

ಈ ಪ್ರಶ್ನೆಗಳನ್ನು ಕೇಳಬೇಕಾದವರು ಯಾರು ಎಂಬುದೇ ಇಲ್ಲಿಯ ಮುಖ್ಯ ವಿಚಾರ. ಹೊರಗಿನಿಂದ ಬಂದ ಪರೀಕ್ಷಕರು ಸಂಸ್ಥೆಯನ್ನು ಎಚ್ಚರಿಸಬಲ್ಲರು; ತಿದ್ದಿಕೊಳ್ಳುವ ಕೆಲಸ ಸಂಸ್ಥೆಯದೇ. ಹಳೆಯ ಬೆಂಗಳೂರಿನ ವಿದ್ಯಾಸಂಸ್ಥೆಗಳು ಒಂದೂವರೆ ಶತಮಾನದಲ್ಲಿ ಕಂಡ ಏಳುಬೀಳುಗಳು ಈ ಮಾತಿಗೆ ಸಾಕ್ಷಿಯಾಗಿವೆ. ಅದನ್ನು ಕ್ರಮವಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮದರಾಸಿನ ಒರೆಗಲ್ಲು

ಬೆಂಗಳೂರಿನಲ್ಲಿ ಉನ್ನತ ಶಿಕ್ಷಣದ ಮೊದಲ ನೆಲೆ ಸೆಂಟ್ರಲ್ ಕಾಲೇಜು. 1858ರಲ್ಲಿ ಪ್ರೌಢಶಾಲೆಯಾಗಿ ಆರಂಭವಾದ ಆ ಸಂಸ್ಥೆಗೆ 1875ರಲ್ಲಿ ಈ ಹೆಸರು ಬಂದಿತು. ಅದರ ವಿದ್ಯಾರ್ಥಿಗಳು ಬರೆಯುತ್ತಿದ್ದುದು ಮದರಾಸು ವಿಶ್ವವಿದ್ಯಾಲಯದ ಪರೀಕ್ಷೆಗಳನ್ನು. ಪಠ್ಯಕ್ರಮವನ್ನು ಗೊತ್ತುಮಾಡುವವರು, ಪ್ರಶ್ನೆಪತ್ರಿಕೆಯನ್ನು ರಚಿಸುವವರು, ಉತ್ತರಗಳಿಗೆ ಅಂಕವನ್ನು ಕೊಡುವವರು ಎಲ್ಲರೂ ಆ ವಿಶ್ವವಿದ್ಯಾಲಯಕ್ಕೆ ಸೇರಿದವರು. ಮೈಸೂರು ಸಂಸ್ಥಾನದ ಬೇರೆ ಕಾಲೇಜುಗಳ ಸ್ಥಿತಿಯೂ ಇದೇ.

ಈ ವ್ಯವಸ್ಥೆಯಲ್ಲಿ ಒಂದು ಗುಣವಿತ್ತು. ದೂರದ ಪರೀಕ್ಷಕನಿಗೆ ವಿದ್ಯಾರ್ಥಿಯ ಮುಖಪರಿಚಯವಿಲ್ಲ. ಆದುದರಿಂದ ದಾಕ್ಷಿಣ್ಯಕ್ಕೆ ಎಡೆಯಿರಲಿಲ್ಲ. ತೇರ್ಗಡೆಯಾದವನ ಪದವಿಗೆ ದಕ್ಷಿಣ ದೇಶದಲ್ಲೆಲ್ಲ ಗೌರವವಿತ್ತು. ಆದರೆ ಒಂದು ಕೊರತೆಯೂ ಅದರ ಒಡಲಲ್ಲಿಯೇ ಇತ್ತು. ಆ ಪರೀಕ್ಷೆ ವಿದ್ಯಾರ್ಥಿಯನ್ನು ಅಳೆಯುತ್ತಿತ್ತೇ ಹೊರತು ಕಾಲೇಜನ್ನು ಅಳೆಯುತ್ತಿರಲಿಲ್ಲ. ನೂರು ಮಂದಿ ಕುಳಿತು ಅರುವತ್ತು ಮಂದಿ ಅನುತ್ತೀರ್ಣರಾದರೆ ಆ ಅರುವತ್ತು ಮಂದಿ ದಡ್ಡರೆಂಬ ತೀರ್ಮಾನ ಸುಲಭವಾಗಿತ್ತು. ಕಲಿಸಿದ ಕ್ರಮದಲ್ಲಿ ದೋಷವಿತ್ತೇ, ಪಾಠ ನಡೆದ ಭಾಷೆ ಅವರಿಗೆ ಎಟುಕಿತೇ, ಗ್ರಂಥಭಂಡಾರದಲ್ಲಿ ಅವರಿಗೆ ಬೇಕಾದ ಪುಸ್ತಕವಿತ್ತೇ ಎಂದು ಕೇಳುವ ಹೊಣೆ ಯಾರ ಪಾಲಿಗೂ ಬಂದಿರಲಿಲ್ಲ.

ಇದೇ ಕಾಲದಲ್ಲಿ ಊರು ಬೆಳೆಯಿತು. 1892ರಲ್ಲಿ ಚಾಮರಾಜಪೇಟೆ ರೂಪುಗೊಂಡಿತು. 1898ರ ಪ್ಲೇಗಿನ ಹಾವಳಿಯು ಪೇಟೆಯ ಇಕ್ಕಟ್ಟಿನ ಬೀದಿಗಳಿಂದ ಜನರನ್ನು ಹೊರಕ್ಕೆ ತಂದಾಗ ದಕ್ಷಿಣಕ್ಕೆ ಬಸವನಗುಡಿಯೂ ಉತ್ತರಕ್ಕೆ ಮಲ್ಲೇಶ್ವರವೂ ಅಗಲವಾದ ಬೀದಿಗಳೊಡನೆ ನೆಲೆಗೊಂಡವು. ಒಂದಕ್ಕೆ ದೊಡ್ಡ ಬಸವಣ್ಣನ ಗುಡಿಯಿಂದ, ಇನ್ನೊಂದಕ್ಕೆ ಕಾಡು ಮಲ್ಲೇಶ್ವರನ ಗುಡಿಯಿಂದ ಹೆಸರು ಬಂದಿತು. ಅಧ್ಯಾಪಕರು, ವಕೀಲರು, ಸರ್ಕಾರಿ ನೌಕರರು ಹೆಚ್ಚಾಗಿ ಬಂದು ನೆಲೆಸಿದ ಈ ಬಡಾವಣೆಗಳಲ್ಲಿ ಮುಂದಿನ ಅರ್ಧ ಶತಮಾನದ ವಿದ್ಯಾಸಂಸ್ಥೆಗಳು ಹುಟ್ಟಿದವು.

ಸ್ವಂತ ವಿಶ್ವವಿದ್ಯಾಲಯ, ಸ್ವಂತ ನಿಘಂಟು

ಪರರ ಅಳತೆಗೋಲಿನಿಂದ ಬಿಡುಗಡೆ ಬೇಕೆಂಬ ಆಶಯ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಕೈಗೂಡಿತು. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಸ್ಥಾಪಿತವಾಯಿತು. ಮೈಸೂರಿನ ಮಹಾರಾಜ ಕಾಲೇಜೂ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಅದರ ಎರಡು ಕಣ್ಣುಗಳಾದವು. ಅದಕ್ಕೆ ಒಂದು ವರ್ಷ ಮೊದಲು, 1915ರ ಮೇ 5ರಂದು, ಬೆಂಗಳೂರಿನಲ್ಲಿ ಕರ್ಣಾಟಕ ಸಾಹಿತ್ಯ ಪರಿಷತ್ತು ಹುಟ್ಟಿತ್ತು. ಅದು ಮುಂದೆ ಚಾಮರಾಜಪೇಟೆಯಲ್ಲಿ ನೆಲೆನಿಂತಿತು. ವಿಶ್ವವಿದ್ಯಾಲಯದ ಮೊದಲ ಕುಲಪತಿಗಳೂ ಪರಿಷತ್ತಿನ ಮೊದಲ ಅಧ್ಯಕ್ಷರೂ ಎಚ್. ವಿ. ನಂಜುಂಡಯ್ಯನವರೇ ಆಗಿದ್ದುದು ಗಮನಾರ್ಹವಾದ ಸಂಗತಿ. ನಾಡಿಗೆ ತನ್ನದೇ ಆದ ಪದವಿ ಬೇಕು, ಆ ಪದವಿಯ ಹಿಂದೆ ತನ್ನದೇ ಭಾಷೆಯ ಶಕ್ತಿ ಇರಬೇಕು ಎಂಬ ಎರಡು ಹಂಬಲಗಳು ಒಬ್ಬರೇ ವ್ಯಕ್ತಿಯಲ್ಲಿ ಕೂಡಿದ್ದವು.

ಪರಿಷತ್ತು ಕಾಲೇಜಲ್ಲ, ಆದರೂ ನಿರಂತರ ಸುಧಾರಣೆ ಎಂದರೇನು ಎಂಬುದಕ್ಕೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ಹತ್ತಿರವಾದ ದೃಷ್ಟಾಂತ ಅಲ್ಲಿಯೇ ದೊರೆಯುತ್ತದೆ. ಪರಿಷತ್ತಿನ ಕನ್ನಡ ನಿಘಂಟಿನ ಮೊದಲ ಸಂಪುಟ ಹೊರಬಂದುದು 1970ರಲ್ಲಿ. ಎಂಟನೆಯದೂ ಕಡೆಯದೂ ಆದ ಸಂಪುಟ ಹೊರಬಂದುದು 1995ರಲ್ಲಿ. ಅದಕ್ಕೆ ಮುನ್ನ ದಶಕಗಳ ಸಿದ್ಧತೆ ನಡೆದಿತ್ತು. ಶಾಸನಗಳಿಂದಲೂ ಕಾವ್ಯಗಳಿಂದಲೂ ಪ್ರಯೋಗಗಳನ್ನು ಆಯ್ದು, ಒಂದೊಂದು ಅರ್ಥಕ್ಕೂ ಆಧಾರವನ್ನು ತೋರಿಸಿ, ಹೊಸ ಆಧಾರ ಸಿಕ್ಕಿದಾಗ ಹಳೆಯ ನಿರ್ಣಯವನ್ನು ತಿದ್ದುತ್ತ ನಡೆದ ಕೆಲಸ ಅದು. ಅದರ ಪ್ರಧಾನ ಸಂಪಾದಕರಾಗಿ ಹೆಸರಾದ ಪ್ರೊ. ಜಿ. ವೆಂಕಟಸುಬ್ಬಯ್ಯನವರು ಬಹುಕಾಲ ಬೆಂಗಳೂರಿನ ವಿಜಯ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದವರು. ತರಗತಿಯ ಪಾಠವೂ ನಿಘಂಟಿನ ಪದವೂ ಅವರ ಬಾಳಿನಲ್ಲಿ ಬೇರೆಬೇರೆ ಆಗಿರಲಿಲ್ಲ.

ಗ್ರಂಥಸಂಪಾದನೆಯನ್ನು ಅಭ್ಯಾಸ ಮಾಡಿದವರಿಗೆ ಈ ಕ್ರಮ ಪರಿಚಿತವೇ. ತಾಡಪತ್ರಿಯ ಪ್ರತಿಗಳನ್ನು ಒಂದರೊಡನೊಂದು ಹೋಲಿಸಿ, ಲಿಪಿಕಾರರ ಸ್ಖಾಲಿತ್ಯವನ್ನು ಗುರುತಿಸಿ, ಪಾಠಾಂತರಗಳನ್ನು ಮರೆಮಾಚದೆ ಅಡಿಯಲ್ಲಿ ಕೊಡುವುದು ಸಂಪಾದಕನ ಧರ್ಮ. ಫ. ಗು. ಹಳಕಟ್ಟಿಯವರು 1923ರಲ್ಲಿ ಪ್ರಕಟಿಸಿದ ವಚನಶಾಸ್ತ್ರಸಾರದ ಮೊದಲ ಭಾಗದಿಂದ, ಸರ್ಕಾರವು 1993ರಲ್ಲಿ ಹೊರತಂದ ಸಮಗ್ರ ವಚನ ಸಾಹಿತ್ಯದ 15 ಸಂಪುಟಗಳವರೆಗೆ, ಅಲ್ಲಿಂದ ಅದರ ಪರಿಷ್ಕೃತ ಮುದ್ರಣದವರೆಗೆ ನಡೆದುಬಂದ ದಾರಿ ತಿದ್ದುಪಡಿಗಳ ದಾರಿಯೇ. ಹಿಂದಿನ ಮುದ್ರಣದ ದೋಷವನ್ನು ಒಪ್ಪಿಕೊಂಡಲ್ಲದೆ ಮುಂದಿನ ಮುದ್ರಣ ಶುದ್ಧವಾಗದು. ಇದೇ ನ್ಯಾಯ ಕಾಲೇಜಿಗೂ ಸಲ್ಲುತ್ತದೆ.

1936ರ ಪರಾಮರ್ಶೆ

ಹೊರಗಿನವರು ಬಂದು ಇಡೀ ಸಂಸ್ಥೆಯನ್ನೇ ತೂಗಿನೋಡಿದ ಪ್ರಸಿದ್ಧವಾದ ಪ್ರಸಂಗ ಮಲ್ಲೇಶ್ವರದ ಮಗ್ಗುಲಲ್ಲಿಯೇ ನಡೆಯಿತು. ಜಮ್‌ಷೆಟ್‌ಜಿ ಟಾಟಾ ಅವರ ಸಂಕಲ್ಪದಿಂದಲೂ ಮೈಸೂರು ಸಂಸ್ಥಾನದ ಭೂದಾನದಿಂದಲೂ 1909ರಲ್ಲಿ ಅಸ್ತಿತ್ವಕ್ಕೆ ಬಂದ ಭಾರತೀಯ ವಿಜ್ಞಾನ ಮಂದಿರವು 1911ರಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. ಸಾರ್ವಜನಿಕ ಹಣವೂ ದಾನಿಗಳ ಹಣವೂ ಸೇರಿ ನಡೆಯುವ ಸಂಸ್ಥೆಯಾದುದರಿಂದ ಅದರ ಕಾರ್ಯವನ್ನು ಆಗಾಗ ಸಮಿತಿಗಳು ಪರಾಮರ್ಶಿಸುತ್ತಿದ್ದವು. 1921ರಲ್ಲಿ ಪೋಪ್ ಸಮಿತಿ, ಅನಂತರ ಸೆವೆಲ್ ಸಮಿತಿ, 1936ರಲ್ಲಿ ಸರ್ ಜೇಮ್ಸ್ ಇರ್ವಿನ್ ಅವರ ಸಮಿತಿ ಹೀಗೆ ಬಂದವು.

ಇರ್ವಿನ್ ಸಮಿತಿ ಬಂದಾಗ ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್. 1933ರಲ್ಲಿ ಆ ಪದವಿಯನ್ನು ವಹಿಸಿಕೊಂಡ ಮೊದಲ ಭಾರತೀಯರು ಅವರು. ಭೌತವಿಜ್ಞಾನದ ಹೊಸ ವಿಭಾಗವನ್ನು ಕಟ್ಟಿದರು. ಜರ್ಮನಿಯನ್ನು ಬಿಡಬೇಕಾಗಿ ಬಂದ ಮ್ಯಾಕ್ಸ್ ಬಾರ್ನ್ ಅಂತಹ ಮಹಾವಿದ್ವಾಂಸರನ್ನು ಬೆಂಗಳೂರಿಗೆ ಬರಮಾಡಿಕೊಂಡರು. ಶಬ್ದತರಂಗಗಳಿಂದ ಬೆಳಕು ಚದರುವ ಬಗೆಯನ್ನು ಕುರಿತು ಅವರೂ ನಾಗೇಂದ್ರನಾಥರೂ ಪ್ರಕಟಿಸಿದ ಸಿದ್ಧಾಂತ ಈ ವರ್ಷಗಳದೇ. ಸಂಶೋಧನೆಯ ಗುಣದಲ್ಲಿ ಅದು ಜಗತ್ತು ಮೆಚ್ಚಿದ ಕೆಲಸ. ಆದರೆ ಉಳಿದ ವಿಭಾಗಗಳಲ್ಲಿ ಅಸಮಾಧಾನವಿತ್ತು. ಹಣದ ಹಂಚಿಕೆ ಸಮನಾಗಿಲ್ಲ, ನಿರ್ಣಯಗಳೆಲ್ಲ ಒಬ್ಬರ ಕೈಯಲ್ಲಿವೆ ಎಂಬ ದೂರುಗಳಿದ್ದವು. ಸಮಿತಿಯ ವರದಿಯು ನಿರ್ದೇಶಕರ ಆಡಳಿತಕ್ಕೆ ಪ್ರತಿಕೂಲವಾಯಿತು. 1937ರಲ್ಲಿ ರಾಮನ್ ನಿರ್ದೇಶಕ ಪದವಿಯನ್ನು ಬಿಟ್ಟು, ಪ್ರಾಧ್ಯಾಪಕರಾಗಿ 1948ರವರೆಗೆ ಅಲ್ಲಿಯೇ ಮುಂದುವರಿದರು.

ಈ ಪ್ರಸಂಗದಲ್ಲಿ ಯಾರು ಸರಿ, ಯಾರು ತಪ್ಪು ಎಂಬುದನ್ನು ಕುರಿತು ಇಂದಿಗೂ ಎರಡು ಪಕ್ಷಗಳಿವೆ. ಗುಣವಿಚಾರದ ದೃಷ್ಟಿಯಿಂದ ನೋಡಿದರೆ ಮೂರು ಪಾಠಗಳು ದೊರೆಯುತ್ತವೆ. ಮೊದಲನೆಯದು, ಒಂದು ಸಂಸ್ಥೆಯ ಗುಣವೆಂಬುದು ಒಂದೇ ವಸ್ತುವಲ್ಲ. ಒಂದು ವಿಭಾಗ ಮುಗಿಲು ಮುಟ್ಟುವಾಗ ಇನ್ನೊಂದು ಬಾಡಬಹುದು. ಎರಡನೆಯದು, ವಿಭಾಗಗಳ ನಡುವೆ ಎದುರೆದುರು ಕುಳಿತು ಮಾತನಾಡುವ ಪದ್ಧತಿ ಬಲವಾಗಿಲ್ಲದಲ್ಲಿ ದೂರು ಒಳಗೆ ಇತ್ಯರ್ಥವಾಗದೆ ಹೊರಗಿನ ಸಮಿತಿಯ ಮುಂದೆ ಒಮ್ಮೆಗೇ ಸಿಡಿಯುತ್ತದೆ. ಆಗ ಪರಾಮರ್ಶೆ ಚಿಕಿತ್ಸೆಯಾಗದೆ ತೀರ್ಪಾಗುತ್ತದೆ. ಮೂರನೆಯದು, ತೀರ್ಪಿನಿಂದ ಅಧಿಕಾರ ಕೈಬದಲಾಗಬಹುದು, ಸುಧಾರಣೆಗೆ ಮಾತ್ರ ಅನಂತರದ ದಿನದಿನದ ದುಡಿಮೆ ಬೇಕು. 1939ರಲ್ಲಿ ನಿರ್ದೇಶಕರಾಗಿ ಬಂದ ಜ್ಞಾನಚಂದ್ರ ಘೋಷರ ಕಾಲದಲ್ಲಿ ಸಂಸ್ಥೆಯು ತಂತ್ರವಿದ್ಯೆಯ ಹೊಸ ವಿಭಾಗಗಳತ್ತ ವಿಸ್ತರಿಸಿತು. 1942ರಲ್ಲಿ ವಿಮಾನ ತಂತ್ರಜ್ಞಾನದ ವಿಭಾಗ ಆರಂಭವಾಯಿತು. ಅದು ವರದಿಯ ಹಾಳೆಗಳಿಂದ ಹುಟ್ಟಲಿಲ್ಲ. ದೇಶದ ಅಗತ್ಯವನ್ನು ಅರಿತು ದುಡಿದವರ ಕೈಯಿಂದ ಹುಟ್ಟಿತು.

ಪ್ರಶ್ನಿಸುವ ಅಭ್ಯಾಸ

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಹಳೆಯ ಬೆಂಗಳೂರಿನ ಸಮಾಜವೇ ಕಾಲೇಜುಗಳನ್ನು ಕಟ್ಟತೊಡಗಿತು. 1917ರಲ್ಲಿ ಆನಿ ಬೆಸೆಂಟರ ಪ್ರೇರಣೆಯಿಂದ ಬಸವನಗುಡಿಯಲ್ಲಿ ಹುಟ್ಟಿದ ನ್ಯಾಷನಲ್ ಹೈಸ್ಕೂಲಿನ ಬೆಳವಣಿಗೆಯಾಗಿ 1945ರಲ್ಲಿ ನ್ಯಾಷನಲ್ ಕಾಲೇಜು ಬಂದಿತು. 1946ರಲ್ಲಿ ಬಿ. ಎಂ. ಶ್ರೀನಿವಾಸಯ್ಯನವರು ಬಸವನಗುಡಿಯಲ್ಲಿ ಸ್ಥಾಪಿಸಿದ ಇಂಜಿನಿಯರಿಂಗ್ ಕಾಲೇಜು ಖಾಸಗಿ ಪ್ರಯತ್ನದಿಂದ ಹುಟ್ಟಿದ ದೇಶದ ಮೊದಲ ಇಂಜಿನಿಯರಿಂಗ್ ಕಾಲೇಜೆಂದು ಪ್ರಸಿದ್ಧವಾಗಿದೆ. 1956ರಲ್ಲಿ ಎಂ. ಪಿ. ಎಲ್. ಶಾಸ್ತ್ರಿಗಳು ಮಲ್ಲೇಶ್ವರದಲ್ಲಿ ಮೈಸೂರು ಎಜುಕೇಷನ್ ಸೊಸೈಟಿಯನ್ನು ಕಟ್ಟಿದರು. ಸರ್ಕಾರದ ಬೊಕ್ಕಸವನ್ನೇ ನೆಚ್ಚದೆ ನಾಗರಿಕರ ಔದಾರ್ಯದಿಂದ ಬೆಳೆದ ಈ ಸಂಸ್ಥೆಗಳಿಗೆ ಹೆಸರೇ ಬಂಡವಾಳ. ಹೆಸರು ಕೆಟ್ಟರೆ ಮಕ್ಕಳು ಬಾರರು. ಮಕ್ಕಳು ಬಾರದಿದ್ದರೆ ಸಂಸ್ಥೆ ಉಳಿಯದು. ನೆರೆಹೊರೆಯ ಕಣ್ಣೇ ಅಂದಿನ ತಪಾಸಣಾ ಮಂಡಳಿಯಾಗಿತ್ತು.

ಈ ಕಾಲದ ಗುಣವಿಚಾರಕ್ಕೆ ಡಾ. ಎಚ್. ನರಸಿಂಹಯ್ಯನವರ ಬಾಳು ಒಂದು ಉಜ್ಜ್ವಲ ಉದಾಹರಣೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದ ಅವರು 1935ರಲ್ಲಿ ಕಾಲುನಡಿಗೆಯಲ್ಲಿಯೇ ಬೆಂಗಳೂರಿಗೆ ಬಂದು ನ್ಯಾಷನಲ್ ಹೈಸ್ಕೂಲನ್ನು ಸೇರಿದರು. 1942ರ ಚಳವಳಿಯಲ್ಲಿ ಸೆರೆಮನೆ ಕಂಡರು. 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದು ಮರಳಿ ಅದೇ ಕಾಲೇಜಿನ ಪ್ರಾಚಾರ್ಯರಾದರು. 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಬಾಳಿನ ಬಹುಭಾಗವನ್ನು ಅವಿವಾಹಿತರಾಗಿ, ಖಾದಿಧಾರಿಗಳಾಗಿ, ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೊಠಡಿಯಲ್ಲಿ ಕಳೆದು 2005ರ ಜನವರಿ 31ರಂದು ನಿಧನರಾದರು.

ವಿದ್ಯಾರ್ಥಿನಿಲಯದಲ್ಲಿಯೇ ವಾಸಿಸುವ ಪ್ರಾಚಾರ್ಯರಿಗೆ ಸಂಸ್ಥೆಯ ಸ್ಥಿತಿಯನ್ನು ಅರಿಯಲು ಬೇರೆ ವರದಿ ಬೇಕಾಗದು. ಊಟದ ರುಚಿ, ನೀರಿನ ಅಭಾವ, ಪರೀಕ್ಷೆಯ ಹಿಂದಿನ ರಾತ್ರಿಯ ಆತಂಕ ಎಲ್ಲವೂ ಗೋಡೆಯಾಚೆಗೇ ಇರುತ್ತವೆ. ಅವರು 1962ರಲ್ಲಿ ಸ್ಥಾಪಿಸಿದ ಬೆಂಗಳೂರು ಸೈನ್ಸ್ ಫೋರಂ ವಾರವಾರವೂ ವಿಜ್ಞಾನದ ಉಪನ್ಯಾಸಗಳನ್ನು ಏರ್ಪಡಿಸುತ್ತ ಬಂದಿತು. ಪಠ್ಯಕ್ರಮಕ್ಕೆ ಸೇರದ, ಅಂಕಗಳಿಲ್ಲದ, ಬಾಗಿಲು ತೆರೆದಿಟ್ಟ ಸಭೆ ಅದು. ಅಲ್ಲಿ ವಿದ್ಯಾರ್ಥಿಯೂ ನಿವೃತ್ತ ಗುಮಾಸ್ತನೂ ವಿಜ್ಞಾನಿಯ ಮಾತನ್ನು ಒಂದೇ ಸಾಲಿನಲ್ಲಿ ಕುಳಿತು ಕೇಳಬಹುದಾಗಿತ್ತು. ಯಾವ ಮಾತನ್ನೂ ಪ್ರಶ್ನಿಸದೆ ಒಪ್ಪಬಾರದೆಂಬುದು ನರಸಿಂಹಯ್ಯನವರ ಜೀವನದ ನಿಲುವು. ಕುಲಪತಿಗಳಾಗಿದ್ದಾಗ ಪವಾಡಗಳ ವೈಜ್ಞಾನಿಕ ಪರೀಕ್ಷೆಗೆಂದು 1976ರಲ್ಲಿ ಸಮಿತಿಯೊಂದನ್ನು ರಚಿಸಿ ವಿವಾದಕ್ಕೂ ಗುರಿಯಾದರು. ಆ ವಿವಾದವೇನೇ ಇರಲಿ, ಪ್ರಶ್ನೆಗೆ ಹೆದರದ ವಾತಾವರಣವಿಲ್ಲದೆ ಯಾವ ಸಂಸ್ಥೆಯೂ ತನ್ನ ದೋಷವನ್ನು ತಾನು ಕಾಣಲಾರದೆಂಬುದು ನಿರ್ವಿವಾದ.

ಆದರೆ ಇಂತಹ ವ್ಯವಸ್ಥೆಗೆ ಒಂದು ಮಿತಿಯೂ ಇದೆ. ಅದು ವ್ಯಕ್ತಿಯನ್ನು ಅವಲಂಬಿಸಿ ನಿಂತಿರುತ್ತದೆ. ಒಬ್ಬ ಪ್ರಾಚಾರ್ಯರ ನಿಷ್ಠೆಯಿಂದ ಬೆಳೆದ ಸಂಪ್ರದಾಯ ಅವರ ನಿವೃತ್ತಿಯೊಡನೆ ಸೊರಗುವುದನ್ನು ನಾಡಿನ ಅನೇಕ ಊರುಗಳು ಕಂಡಿವೆ. ವ್ಯಕ್ತಿ ಹೋದ ಮೇಲೆಯೂ ಅಭ್ಯಾಸ ಉಳಿಯುವಂತೆ ಮಾಡುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರವಾಗಿಯೇ ಮುಂದಿನ ಕಾಲದ ನಿಯಮಬದ್ಧ ವ್ಯವಸ್ಥೆಗಳು ಬಂದವು.

ಕಾರ್ಖಾನೆಯಿಂದ ಕಾಲೇಜಿಗೆ

ಗುಣಮಟ್ಟ ನಿರ್ವಹಣೆಯ ಶಾಸ್ತ್ರ ಹುಟ್ಟಿದ್ದು ಅಮೆರಿಕದ ದೂರವಾಣಿ ಉಪಕರಣಗಳ ಉದ್ಯಮದಲ್ಲಿ. ವಾಲ್ಟರ್ ಶೆವ್‌ಹಾರ್ಟ್ ಎಂಬ ವಿಜ್ಞಾನಿ 1924ರಲ್ಲಿ ತಯಾರಿಕೆಯ ಏರುಪೇರುಗಳನ್ನು ಗುರುತಿಸುವ ನಕ್ಷೆಯೊಂದನ್ನು ರೂಪಿಸಿದನು. ಸರಕು ಸಿದ್ಧವಾದ ಮೇಲೆ ಕೆಟ್ಟದ್ದನ್ನು ಆರಿಸಿ ಎಸೆಯುವುದು ನಷ್ಟದ ಮಾರ್ಗ. ತಯಾರಾಗುತ್ತಿರುವಾಗಲೇ ಎಲ್ಲಿ ದಾರಿ ತಪ್ಪುತ್ತಿದೆಯೆಂದು ಕಂಡು ತಿದ್ದುವುದು ಜಾಣತನ ಎಂಬುದು ಅದರ ಸಾರ. ಮಹಾಲನೋಬಿಸರ ಆಹ್ವಾನದ ಮೇರೆಗೆ ಶೆವ್‌ಹಾರ್ಟ್ 1947-48ರಲ್ಲಿ ಭಾರತಕ್ಕೂ ಬಂದಿದ್ದನು. ಅವನ ಮಾರ್ಗವನ್ನು ಅನುಸರಿಸಿದ ಎಡ್ವರ್ಡ್ಸ್ ಡೆಮಿಂಗ್ 1950ರಲ್ಲಿ ಜಪಾನಿನಲ್ಲಿ ನೀಡಿದ ಉಪನ್ಯಾಸಗಳು ಯುದ್ಧದಲ್ಲಿ ಜರ್ಝರಿತವಾಗಿದ್ದ ಆ ದೇಶದ ಉದ್ಯಮದ ಪುನರುತ್ಥಾನಕ್ಕೆ ನೆರವಾದವು. ಯೋಜಿಸುವುದು, ಮಾಡುವುದು, ಪರೀಕ್ಷಿಸುವುದು, ತಿದ್ದುವುದು, ಮತ್ತೆ ಯೋಜಿಸುವುದು ಎಂಬ ಚಕ್ರ ಅಲ್ಲಿಂದ ಜಗತ್ತಿಗೆಲ್ಲ ಹರಡಿತು.

ವಿದ್ಯಾರ್ಥಿಯು ಸರಕಲ್ಲ, ಕಾಲೇಜು ಕಾರ್ಖಾನೆಯಲ್ಲ. ಹಾಗಿದ್ದರೂ ಈ ವಿಚಾರದಲ್ಲಿ ಶಿಕ್ಷಣಕ್ಕೆ ಸಲ್ಲುವ ಒಂದು ಸತ್ಯವಿದೆ. ವರ್ಷದ ಕೊನೆಯ ಪರೀಕ್ಷೆಯೆಂಬುದು ಸಿದ್ಧವಾದ ಸರಕಿನ ತಪಾಸಣೆಯಂತೆಯೇ. ಮಾರ್ಚಿಯಲ್ಲಿ ಅನುತ್ತೀರ್ಣನಾಗುವ ಹುಡುಗನ ಕಷ್ಟ ಆಗಸ್ಟಿನಲ್ಲಿಯೇ ಆರಂಭವಾಗಿರುತ್ತದೆ. ಆಗಸ್ಟಿನಲ್ಲಿ ಅದನ್ನು ಕಾಣಬಲ್ಲವರು ತರಗತಿಯ ಅಧ್ಯಾಪಕರು ಮಾತ್ರ.

1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ಉತ್ತಮ ಕಾಲೇಜುಗಳಿಗೆ ಸ್ವಾಯತ್ತತೆ ಕೊಡಬೇಕೆಂದು ಸಲಹೆ ಮಾಡಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಅನಂತರ ಉನ್ನತ ಶಿಕ್ಷಣದ ಮೌಲ್ಯಮಾಪನಕ್ಕೆ ಪ್ರತ್ಯೇಕ ಮಂಡಳಿ ಬೇಕೆಂಬ ಆಲೋಚನೆ ಬಲಿತು, 1994ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಮಂಡಳಿ ಸ್ಥಾಪಿತವಾಯಿತು. ಜನರ ಬಾಯಲ್ಲಿ ಅದು 'ನ್ಯಾಕ್'. ದೇಶದ ಸಮಸ್ತ ಕಾಲೇಜುಗಳನ್ನು ಅಳೆಯುವ ಈ ಮಂಡಳಿಯ ಕೇಂದ್ರ ಕಚೇರಿ ಬೆಂಗಳೂರಿನಲ್ಲಿಯೇ, ನಗರದ ಪಶ್ಚಿಮದ ನಾಗರಭಾವಿಯಲ್ಲಿ ಇದೆ. ಮದರಾಸಿನ ಪರೀಕ್ಷಕರಿಗೆ ಕಾಯುತ್ತಿದ್ದ ಊರು ನೂರು ವರ್ಷ ಕಳೆಯುವ ಹೊತ್ತಿಗೆ ಇಡೀ ದೇಶಕ್ಕೆ ಒರೆಗಲ್ಲನ್ನು ಒದಗಿಸುವ ಊರಾಯಿತು. ತಾಂತ್ರಿಕ ಶಿಕ್ಷಣಕ್ಕಾಗಿ ಅದೇ 1994ರಲ್ಲಿ ಇನ್ನೊಂದು ಮಾನ್ಯತಾ ಮಂಡಳಿ ಹುಟ್ಟಿತು. 2014ರಲ್ಲಿ ಭಾರತವು ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯ ರಾಷ್ಟ್ರವಾದಾಗ ಆ ಮಂಡಳಿ ಮಾನ್ಯಮಾಡಿದ ಇಂಜಿನಿಯರಿಂಗ್ ಪದವಿಗಳಿಗೆ ಹೊರದೇಶಗಳಲ್ಲಿಯೂ ಮನ್ನಣೆಯ ದಾರಿ ತೆರೆಯಿತು.

ನ್ಯಾಕಿನ ಮೂಲ ವಿಧಾನ ವಿವೇಚನೆಯಿಂದ ಕೂಡಿದ್ದು. ಮೊದಲು ಸಂಸ್ಥೆಯೇ ತನ್ನನ್ನು ಕುರಿತು ಸ್ವಾಧ್ಯಯನದ ವರದಿಯನ್ನು ಬರೆಯಬೇಕು, ಆಮೇಲೆ ಇತರ ಸಂಸ್ಥೆಗಳ ಅನುಭವಿಗಳ ತಂಡವು ಬಂದು ನೋಡಬೇಕು, ಕೊನೆಗೆ ಶ್ರೇಣಿ. ಪಠ್ಯಕ್ರಮ, ಬೋಧನೆ ಮತ್ತು ಮೌಲ್ಯಮಾಪನ, ಸಂಶೋಧನೆ ಮತ್ತು ವಿಸ್ತರಣೆ, ಕಟ್ಟಡ ಮತ್ತು ಗ್ರಂಥಭಂಡಾರ, ವಿದ್ಯಾರ್ಥಿಗಳಿಗೆ ನೆರವು, ಆಡಳಿತ, ಸಂಸ್ಥೆಯ ಮೌಲ್ಯಗಳು ಎಂಬ ಏಳು ಮಾನದಂಡಗಳನ್ನು ಗೊತ್ತುಮಾಡಲಾಯಿತು. ಮಾನ್ಯತೆ ಪಡೆದ ಪ್ರತಿ ಸಂಸ್ಥೆಯೂ ಆಂತರಿಕ ಗುಣಮಟ್ಟದ ಕೋಶವೊಂದನ್ನು ಇಟ್ಟುಕೊಂಡು ವರ್ಷವರ್ಷವೂ ವರದಿ ಸಲ್ಲಿಸಬೇಕೆಂದು ವಿಧಿಸಲಾಯಿತು. ವ್ಯಕ್ತಿಯ ನಿಷ್ಠೆಯನ್ನು ಸಂಸ್ಥೆಯ ಅಭ್ಯಾಸವಾಗಿ ಪರಿವರ್ತಿಸುವ ಆಶಯ ಇದರ ಹಿಂದಿತ್ತು.

ಈ ವ್ಯವಸ್ಥೆಯಿಂದ ಆದ ಪ್ರಯೋಜನವನ್ನು ಅಲ್ಲಗಳೆಯಲಾಗದು. ಅಧ್ಯಾಪಕರ ಬೋಧನೆಯನ್ನು ಕುರಿತು ವಿದ್ಯಾರ್ಥಿಗಳ ಅಭಿಪ್ರಾಯವನ್ನು ಕೇಳುವುದು ಒಂದು ಕಾಲಕ್ಕೆ ಅವಿಧೇಯತೆಯೆನಿಸುತ್ತಿತ್ತು. ಇಂದು ಅದು ನಿಯಮ. ಹಳೆಯ ವಿದ್ಯಾರ್ಥಿಗಳ ಸಂಘಗಳಿಗೆ ಜೀವ ಬಂದಿತು. ಧೂಳು ಹಿಡಿದ ಗ್ರಂಥಭಂಡಾರಗಳ ಬೀರುಗಳು ತೆರೆದವು.

ಕಡತದ ಗುಣ, ತರಗತಿಯ ಗುಣ

ಆದರೆ ಅಳತೆಗೆ ಒಂದು ಸ್ವಭಾವವಿದೆ. ಅಳೆಯಲು ಸುಲಭವಾದುದು ಬೆಳೆಯುತ್ತದೆ. ಅಳತೆಗೆ ಸಿಗದುದು ಮರೆಯಾಗುತ್ತದೆ. ವಿಚಾರಸಂಕಿರಣಗಳ ಸಂಖ್ಯೆಯನ್ನು ಎಣಿಸಬಹುದು, ಅಲ್ಲಿ ವಿಚಾರ ನಡೆಯಿತೇ ಎಂಬುದನ್ನು ಎಣಿಸಲಾಗದು. 2017ರಲ್ಲಿ ಪದ್ಧತಿಯನ್ನು ಪರಿಷ್ಕರಿಸಿ ಅಂಕಿಅಂಶಗಳಿಗೆ ಹೆಚ್ಚಿನ ತೂಕ ಕೊಟ್ಟಾಗ, ಪಕ್ಷಪಾತ ತಗ್ಗಲಿ ಎಂಬ ಉದ್ದೇಶ ಒಳ್ಳೆಯದೇ ಆಗಿತ್ತು. ಪರಿಣಾಮವಾಗಿ ಅನೇಕ ಕಾಲೇಜುಗಳಲ್ಲಿ ಅಧ್ಯಾಪಕರ ಸಂಜೆಗಳು ಛಾಯಾಚಿತ್ರಗಳನ್ನು ಕೂಡಿಸುವುದರಲ್ಲಿಯೂ ಕಡತಗಳನ್ನು ಜೋಡಿಸುವುದರಲ್ಲಿಯೂ ಕಳೆದುಹೋಗತೊಡಗಿದವು. ಪಾಠಕ್ಕೆ ಸಿದ್ಧವಾಗಬೇಕಾದ ಹೊತ್ತು ಪಾಠ ನಡೆದುದಕ್ಕೆ ಸಾಕ್ಷ್ಯ ಸಿದ್ಧಪಡಿಸುವುದಕ್ಕೆ ಸಂದಿತು.

ಶ್ರೇಣಿಗೆ ಬೆಲೆ ಬಂದಲ್ಲಿ ಶ್ರೇಣಿಯನ್ನು ಕೊಳ್ಳುವ ಆಮಿಷವೂ ಹುಟ್ಟುತ್ತದೆ. 2025ರ ಫೆಬ್ರವರಿಯಲ್ಲಿ ಕೇಂದ್ರ ತನಿಖಾ ದಳವು ಆಂಧ್ರಪ್ರದೇಶದ ಸಂಸ್ಥೆಯೊಂದಕ್ಕೆ ಉತ್ತಮ ಶ್ರೇಣಿ ನೀಡಲು ಲಂಚ ಪಡೆದರೆಂಬ ಆರೋಪದ ಮೇಲೆ ತಪಾಸಣಾ ತಂಡದ ಸದಸ್ಯರನ್ನು ಬಂಧಿಸಿತು. ಆರೋಪದ ನಿರ್ಣಯ ನ್ಯಾಯಾಲಯಕ್ಕೆ ಸೇರಿದ್ದು. ಆದರೆ ಹೊರಗಿನ ಕಣ್ಣನ್ನೇ ನೆಚ್ಚಿಕೊಂಡ ವ್ಯವಸ್ಥೆ ಎಷ್ಟು ದುರ್ಬಲವೆಂಬುದನ್ನು ಅದು ಎತ್ತಿ ತೋರಿಸಿತು. ಅದಕ್ಕೆ ಒಂದು ವರ್ಷ ಮೊದಲೇ, 2024ರ ಜನವರಿಯಲ್ಲಿ, ಶ್ರೇಣಿಗಳ ಬದಲು ಮಾನ್ಯತೆ ಇದೆ ಅಥವಾ ಇಲ್ಲ ಎಂಬ ಎರಡೇ ನಿರ್ಣಯದ ಪದ್ಧತಿಯನ್ನು ತರುವುದಾಗಿ ಮಂಡಳಿ ಪ್ರಕಟಿಸಿತ್ತು.

ನಿರಂತರ ಸುಧಾರಣೆಗೆ ಬೇಕಾದ ಮೊದಲ ಸಾಮಗ್ರಿ ನಿರಂತರತೆ. ಕರ್ನಾಟಕವು 2021ರಲ್ಲಿ ಹೊಸ ಶಿಕ್ಷಣ ನೀತಿಯಂತೆ ನಾಲ್ಕು ವರ್ಷಗಳ ಪದವಿಯ ಕ್ರಮವನ್ನು ತಂದಿತು. 2024-25ರಿಂದ ಮತ್ತೆ ಮೂರು ವರ್ಷಗಳ ಪದವಿಗೆ ಮರಳಿತು. ಎರಡೂ ನಿರ್ಣಯಗಳಿಗೆ ಅದರದರ ಸಮರ್ಥನೆಗಳಿರಬಹುದು. ಆದರೆ ಒಂದು ಪಠ್ಯಕ್ರಮದ ಗುಣದೋಷಗಳನ್ನು ಕಂಡು ತಿದ್ದುವಷ್ಟು ಕಾಲವನ್ನು ಅದಕ್ಕೆ ಕೊಡದೆ ಬದಲಿಸಿದರೆ ಅದು ಬದಲಾವಣೆಯಷ್ಟೇ, ಸುಧಾರಣೆಯಾಗದು. ಇದರ ಜೊತೆಗೆ ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಬೋಧನೆಯ ಭಾರವನ್ನು ಸಾವಿರಾರು ಮಂದಿ ಅತಿಥಿ ಉಪನ್ಯಾಸಕರು ವರ್ಷವರ್ಷದ ನೇಮಕದ ಮೇಲೆ ಹೊರುತ್ತ ಬಂದಿದ್ದಾ‌ರೆ. ಬರುವ ವರ್ಷ ಇದೇ ತರಗತಿಗೆ ಬರುವೆನೋ ಇಲ್ಲವೋ ಎಂದು ತಿಳಿಯದ ಅಧ್ಯಾಪಕನು ಈ ವರ್ಷದ ದೋಷವನ್ನು ಬರುವ ವರ್ಷ ತಿದ್ದುವುದು ಹೇಗೆ? ಯಾವ ಕೋಶವೂ, ಯಾವ ವರದಿಯೂ ಈ ಪ್ರಶ್ನೆಯನ್ನು ಮುಚ್ಚಲಾರದು.

ಹಾಗಾದರೆ ಹೊರಗಿನ ಪರೀಕ್ಷೆಯೇ ಬೇಡವೆನ್ನಬಹುದೇ? ಹಾಗೆನ್ನುವುದು ಅವಿವೇಕ. ಹೊರಗಿನ ಕಣ್ಣಿಲ್ಲದಲ್ಲಿ ಸ್ವಪ್ರಶಂಸೆ ಬೆಳೆಯುತ್ತದೆ. ತನ್ನ ಮನೆಯ ದೀಪ ತನಗೆ ಯಾವಾಗಲೂ ಪ್ರಕಾಶಮಾನವೇ. ಇರ್ವಿನ್ ಸಮಿತಿ ಬಾರದಿದ್ದರೆ ಒಳಗಿನ ಬಿರುಕು ಇನ್ನೂ ಅಗಲವಾಗುತ್ತಿದ್ದಿರಬಹುದು. ಹೊರಗಿನ ಪರೀಕ್ಷೆ ಐದು ವರ್ಷಕ್ಕೊಮ್ಮೆ ಬರುವ ಅತಿಥಿ. ಅತಿಥಿ ಬಂದಾಗ ಮನೆ ಗುಡಿಸುವುದು ಲೋಕರೂಢಿ. ಮನೆಯವರು ದಿನವೂ ಗುಡಿಸುವ ಮನೆಗೆ ಅತಿಥಿಯ ಭಯವಿಲ್ಲ. ಅರಿವು ಆಚಾರಕ್ಕೆ ಇಳಿಯದಿದ್ದರೆ ಅದು ಅರಿವೇ ಅಲ್ಲವೆಂಬ ಮಾತನ್ನು ಬಲ್ಲ ನಾಡಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ದಿನವೂ ಮಾಡಬೇಕಾದ ಕೆಲಸ ದೊಡ್ಡದೇನೂ ಅಲ್ಲ. ಪರೀಕ್ಷೆ ಮುಗಿದ ಮೇಲೆ ಒಂದು ವಿಭಾಗದ ಅಧ್ಯಾಪಕರು ಕೂಡಿ ಕುಳಿತು, ಹೆಚ್ಚು ಮಂದಿ ಎಡವಿದ ಪ್ರಶ್ನೆ ಯಾವುದು, ಅದರ ಪಾಠ ಯಾವ ತಿಂಗಳಲ್ಲಿ ನಡೆಯಿತು, ಹೇಗೆ ನಡೆಯಿತು ಎಂದು ಮುಕ್ತವಾಗಿ ಮಾತನಾಡುವುದು. ಕನ್ನಡ ಮಾಧ್ಯಮದಿಂದ ಬಂದವರು ಮೊದಲ ವರ್ಷದಲ್ಲಿ ಎಲ್ಲಿ ಮುಗ್ಗರಿಸುತ್ತಾರೆಂದು ಬರೆದಿಟ್ಟು ಮರುವರ್ಷ ಅಲ್ಲಿಗೆ ಊರೆಗೋಲು ಒದಗಿಸುವುದು. ಕಾಲೇಜು ಬಿಟ್ಟುಹೋದವರನ್ನು ಏಕೆ ಬಿಟ್ಟಿರಿ ಎಂದು ಕೇಳುವುದು. ಇವುಗಳಿಗೆ ಹಣ ಬೇಕಾಗಿಲ್ಲ. ತಪ್ಪನ್ನು ತಪ್ಪೆಂದು ಹೇಳಿದವನನ್ನು ದೂಷಿಸದ ಸಭೆ ಬೇಕು.

1935ರಲ್ಲಿ ಹೊಸೂರಿನಿಂದ ನಡೆದು ಬಂದ ಹುಡುಗನಂತಹ ಮಕ್ಕಳು ಇಂದಿಗೂ ಬೆಂಗಳೂರಿಗೆ ಬರುತ್ತಾರೆ. ಬಸ್ಸಿನಲ್ಲಿ ಬರುತ್ತಾರೆಂಬುದಷ್ಟೇ ಭೇದ. ಸಂಸ್ಥೆಗೆ ಸೇರುವಾಗ ಅವರು ಏನಾಗಿದ್ದರು, ಹೊರಡುವಾಗ ಏನಾದರು ಎಂಬ ಅಂತರವೇ ಸಂಸ್ಥೆಯ ನಿಜವಾದ ಗುಣ. ಮೊದಲೇ ಮುಂದಿದ್ದವರನ್ನು ಮಾತ್ರ ಆರಿಸಿಕೊಂಡು ಉತ್ತಮ ಫಲಿತಾಂಶವನ್ನು ಪ್ರಕಟಿಸುವ ಕಾಲೇಜಿಗಿಂತ, ಹಿಂದಿದ್ದವರನ್ನು ಸೇರಿಸಿಕೊಂಡು ಹತ್ತು ಹೆಜ್ಜೆ ಮುಂದೆ ನಡೆಸಿದ ಕಾಲೇಜಿನ ಸಾಧನೆ ಹಿರಿದು. ಆ ಹತ್ತು ಹೆಜ್ಜೆಗಳ ಲೆಕ್ಕವನ್ನು ಪ್ರತಿಯೊಂದು ಕಾಲೇಜೂ ತಾನಾಗಿಯೇ, ಯಾರೂ ಕೇಳದಿದ್ದಾಗಲೂ, ಬರೆದಿಡುವಂತಾದರೆ ಹೆಬ್ಬಾಗಿಲಿನ ಮೇಲಿನ ಅಕ್ಷರಕ್ಕೆ ಅರ್ಥ ಬಂದೀತು.